ಊರಲ್ಲಿರೋದು ಬಿಎಸ್‌ಎನ್‌ಎಲ್ ಟವರ್, ಕೈಲಿರೋದು ಜಿಯೋ ಸಿಮ್: ಸಿಗ್ನಲ್ ಸಿಗುತ್ತಾ?

ಘಟ್ಟದ ಊರುಗಳಲ್ಲಿ ಇದು ಹಳೇ ಗೋಳು. ಊರಿಗೆ ಅಂತ ಇರೋದು ಒಂದೇ ಟವರ್. ಆ ಕಂಪನಿ ಸಿಮ್ ಇದ್ದವರು ಜಗಲಿ ಮೇಲೆ ಕೂತು ಮಾತಾಡ್ತಾರೆ, ಉಳಿದವರು ಗುಡ್ಡ ಹತ್ತಬೇಕು. ರಾತ್ರಿ ಹೊತ್ತು ಆಂಬುಲೆನ್ಸ್ ಕರೆಯೋಕೂ ಪಕ್ಕದ ಮನೆ ಬಾಗಿಲು ತಟ್ಟೋ ಸ್ಥಿತಿ.

ಸರ್ಕಾರದ ಸಹಾಯಧನದಲ್ಲಿ ನಿಂತ 4ಜಿ ಟವರ್ ಆಗಿದ್ದರೆ ಮಾತ್ರ ಇದಕ್ಕೊಂದು ದಾರಿ ಇದೆ. 2025ರ ಜನವರಿ 17ರಂದು ಕೇಂದ್ರ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಚಾಲನೆ ಕೊಟ್ಟ ಇಂಟ್ರಾ ಸರ್ಕಲ್ ರೋಮಿಂಗ್ ಪ್ರಕಾರ ಇಂಥ ಟವರ್‌ನ ಸಿಗ್ನಲ್ ಬೇರೆ ಕಂಪನಿ ಗ್ರಾಹಕರಿಗೂ ಸಿಗಬೇಕು. ದೇಶದಲ್ಲಿ ಇಂಥ ಟವರ್‌ಗಳು ಸುಮಾರು 27 ಸಾವಿರ. ಆಗ ಇದರಲ್ಲಿ ಸೇರಿದ್ದು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ. ಕಂಪನಿ ಸ್ವಂತ ದುಡ್ಡಲ್ಲಿ ಹಾಕಿದ ಟವರ್‌ಗೆ ಇದು ಅನ್ವಯ ಆಗಲ್ಲ. ಹೆಚ್ಚಿನವರು ಎಡವೋದು ಇಲ್ಲೇ.

ದುಡ್ಡು ಯಾರದ್ದು?

ಒಂದು ಲೆಕ್ಕದಲ್ಲಿ ರೀಚಾರ್ಜ್ ಮಾಡಿಸುವವರದ್ದೇ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ (ಎಜಿಆರ್) ಶೇ. 8ರಷ್ಟು ಲೈಸೆನ್ಸ್ ಶುಲ್ಕ ಕಟ್ಟುತ್ತವೆ. ಅದರಲ್ಲಿ ಶೇ. 5 ಹಳ್ಳಿಗಾಡಿನ ಸಂಪರ್ಕಕ್ಕೆ ಮೀಸಲು. 2002ರ ಏಪ್ರಿಲ್ 1ರಿಂದ ಇದ್ದ ಯುಎಸ್‌ಒ ನಿಧಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಡಿಜಿಟಲ್ ಭಾರತ್ ನಿಧಿ ಅಂತ ಹೊಸ ಹೆಸರು ಬಂತು. ಹಣ ನೇರ ಹಳ್ಳಿಗೆ ಬರಲ್ಲ. ಮೊದಲು ಭಾರತದ ಸಂಚಿತ ನಿಧಿಗೆ ಹೋಗಿ, ಸಂಸತ್ತಿನ ಒಪ್ಪಿಗೆ ಮೇಲೆ ಬಿಡುಗಡೆ ಆಗಬೇಕು. ಸಂಗ್ರಹ ಆದಷ್ಟು ಖರ್ಚಾಗಿಲ್ಲ ಅನ್ನೋ ದೂರು ಇಂದು ನಿನ್ನೆಯದಲ್ಲ.

ಶುರುವಲ್ಲಿ ಸಹಾಯಧನ ಸಿಗ್ತಿದ್ದದ್ದು ಹಳ್ಳಿಯ ಸಾರ್ವಜನಿಕ ಫೋನು, ಲ್ಯಾಂಡ್‌ಲೈನ್‌ಗೆ. 2007ರಲ್ಲಿ ಟವರ್ ಹಂಚಿಕೆ ಯೋಜನೆ ಬಂತು: ಒಂದು ಟವರ್, ಮೂರು ಕಂಪನಿ. ಆದರೆ ಆಗ ಹಂಚಿಕೊಂಡಿದ್ದು ಕಂಬ, ಜಾಗ, ಕರೆಂಟು. ಆಂಟೆನಾ, ಉಪಕರಣ ಎಲ್ಲಾ ಅವರವರದ್ದೇ. ಗಿರಾಕಿ ಕಮ್ಮಿ ಇರೋ ಊರಲ್ಲಿ ಯಾವ ಕಂಪನಿ ತಾನೆ ಅಷ್ಟು ಖರ್ಚು ಮಾಡುತ್ತೆ? ಈಗ ಸಿಗ್ನಲ್ಲೇ ಹಂಚಿಕೆ, ಹಾಗಾಗಿ ಎರಡನೇ ಕಂಪನಿ ಊರಿಗೆ ಬರೋದೇ ಬೇಕಿಲ್ಲ.

2022ರ ಜುಲೈನಲ್ಲಿ ಕೇಂದ್ರ ಸಂಪುಟ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂ. ಒಪ್ಪಿತ್ತು. ಅದರ ಹೊಣೆ ಬಿಎಸ್‌ಎನ್‌ಎಲ್‌ಗೆ.

ಟವರ್ ಯಾವ ಯೋಜನೆಯದ್ದು ಅಂತ ಮೊದಲು ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ವಿಚಾರಿಸಬೇಕು. ನಿಧಿಯದ್ದೇ ಆಗಿದ್ದರೆ ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್‌ಗೆ ಹಾಕಿ, ಡೇಟಾ ರೋಮಿಂಗ್ ಆನ್ ಮಾಡಿ ನೋಡಬಹುದು. ಹಿರಿಯರ ಕೈಲಿರೋ ಹಳೇ 2ಜಿ ಕೀಪ್ಯಾಡ್ ಸೆಟ್ ಮಾತ್ರ 4ಜಿ ಸಿಗ್ನಲ್ ಹಿಡಿಯಲ್ಲ, ಟವರ್ ಮನೆ ಎದುರೇ ಇದ್ದರೂ.