ಕೊಳ್ಳುವುದೋ, ಕಟ್ಟುವುದೋ? – ಮನೆಯ ಗಣಕಯಂತ್ರದ ಹಿಂದಿನ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡನ್ನೂ ಸಾಲ ಮಾಡಿಯೇ ಮುಗಿಸುವ ನಮ್ಮಂತಹ ನೌಕರವರ್ಗದವರಿಗೆ ಕಳೆದ ಮೂರು ದಶಕಗಳಿಂದ ಮೂರನೆಯದೊಂದು ಸೇರಿಕೊಂಡಿದೆ: ಮಕ್ಕಳ ಓದಿಗೊಂದು ಗಣಕಯಂತ್ರ. ಅಂಗಡಿಯಲ್ಲಿ ಸಿದ್ಧವಾಗಿರುವುದನ್ನು ಕೊಳ್ಳಬೇಕೆ, ಬಿಡಿಭಾಗಗಳನ್ನು ತಂದು ಜೋಡಿಸಬೇಕೆ? ಸಂಘದ ಕಾರ್ಯಕ್ರಮ ಮುಗಿದು ಕಾಫಿ ಲೋಟ ಕೈಗೆ ಬಂದೊಡನೆ ಈ ಚರ್ಚೆ ಏಳುವುದುಂಟು. ಪ್ರಶ್ನೆ ಇಂದು ನಿನ್ನೆಯದಲ್ಲ. ಅದರ ಇತಿಹಾಸವನ್ನು ತಿಳಿದರೆ ಉತ್ತರವೂ ಸ್ವಲ್ಪ ಸುಲಭವಾದೀತು.

ಮನೆಗಿಂತ ಮೊದಲು ಈ ಪ್ರಶ್ನೆಯನ್ನು ದೇಶವೇ ಎದುರಿಸಿತ್ತು. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1955ರಲ್ಲಿ ಎಚ್.ಇ.ಸಿ.-2ಎಂ ಎಂಬ ಯಂತ್ರವನ್ನು ಇಂಗ್ಲೆಂಡಿನಿಂದ ಕೊಂಡು ತರಿಸಿತು. ಇತ್ತ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟುತ್ತೇವೆ ಎಂದು ಹೊರಟರು. ಸುಮಾರು 2,700 ನಿರ್ವಾತ ಕೊಳವೆಗಳಿದ್ದ ಆ ಯಂತ್ರ 1960ರಲ್ಲಿ ಸಿದ್ಧವಾಯಿತು. 1962ರಲ್ಲಿ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಾಯಿತು. ಆದರೆ ಅಷ್ಟರಲ್ಲಿ ಹೊರದೇಶಗಳಲ್ಲಿ ಟ್ರಾನ್ಸಿಸ್ಟರ್ ಯಂತ್ರಗಳು ಬಂದಿದ್ದವು. ಕಟ್ಟಿದ ಸಂಸ್ಥೆಯೇ 1964ರಲ್ಲಿ ಅಮೆರಿಕದ ಸಿ.ಡಿ.ಸಿ. 3600 ಯಂತ್ರವನ್ನು ಕೊಂಡಿತು. ಹಾಗೆಂದು ಕಟ್ಟಿದ್ದು ವ್ಯರ್ಥವಾಯಿತೇ? ಇಲ್ಲ. ಕಟ್ಟಿ ಕಲಿತ ಕೈಗಳು ದೇಶದಲ್ಲಿ ಉಳಿದುವು. ಕಟ್ಟುವುದರಿಂದ ಬರುವ ಲಾಭ ಹಣದ್ದೇ ಆಗಬೇಕಿಲ್ಲ ಎಂಬ ಪಾಠ ಇಲ್ಲಿಂದಲೇ ಆರಂಭ.

ಇನ್ನು ಮನೆಯ ಯಂತ್ರಕ್ಕೆ ಬರೋಣ. 1975ರ ಜನವರಿಯಲ್ಲಿ ಪಾಪ್ಯುಲರ್ ಇಲೆಕ್ಟ್ರಾನಿಕ್ಸ್ ಎಂಬ ಅಮೆರಿಕದ ಮಾಸಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಕಾಣಿಸಿಕೊಂಡಿತು. ಬಿಡಿಭಾಗಗಳ ಕಟ್ಟು 439 ಡಾಲರು, ಜೋಡಿಸಿದ್ದಾದರೆ 621. ಅಂದರೆ 182 ಡಾಲರು ಬೆಸುಗೆಯ ಕೂಲಿ. ಆ ಕೂಲಿ ಉಳಿಸಲು ನೂರಾರು ಬೆಸುಗೆಗಳನ್ನು ಸ್ವತಃ ಹಾಕಬೇಕಿತ್ತು. ಇಷ್ಟಾದ ಮೇಲೂ ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಮಿನುಗುವ ದೀಪಗಳನ್ನು ನೋಡಿ ಉತ್ತರ ತಿಳಿಯಬೇಕು. ಆದರೂ ಜನ ಮುಗಿಬಿದ್ದರು. ಅದೇ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನ ಒಂದು ಕಾರುಕೊಟ್ಟಿಗೆಯಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಸೇರಿತು. ಆ ಬಳಗದ ಸ್ಟೀವ್ ವೋಜ್ನಿಯಾಕ್ ರೂಪಿಸಿದ ಆ್ಯಪಲ್-1, 1976ರಲ್ಲಿ 666.66 ಡಾಲರಿಗೆ ಮಾರಾಟಕ್ಕೆ ಬಂತು. ಅದರ ಮುಖ್ಯ ಹಲಗೆಯನ್ನು ಬೆಸೆದೇ ಕೊಡುತ್ತಿದ್ದರು. ಪೆಟ್ಟಿಗೆ, ಕೀಲಿಮಣೆ, ವಿದ್ಯುತ್ ಸರಬರಾಜು ಕೊಳ್ಳುವವನ ಪಾಲಿಗೆ. ಅರ್ಧ ಕೊಂಡದ್ದು, ಅರ್ಧ ಕಟ್ಟಿದ್ದು!

ಈ ತಕ್ಕಡಿ ಇನ್ನೂ ಸ್ಪಷ್ಟವಾಗಿ ಕಾಣುವುದು ಇಂಗ್ಲೆಂಡಿನಲ್ಲಿ. ಕ್ಲೈವ್ ಸಿಂಕ್ಲೇರ್ ಅವರ ಜೆಡ್.ಎಕ್ಸ್.80, 1980ರಲ್ಲಿ ಬಿಡಿಯಾಗಿ 79.95 ಪೌಂಡು, ಸಿದ್ಧವಾಗಿ 99.95. ಮರುವರ್ಷ ಬಂದ ಜೆಡ್.ಎಕ್ಸ್.81ಕ್ಕೆ ಬಿಡಿಯಾಗಿ 49.95, ಸಿದ್ಧವಾಗಿ 69.95. ಮೊದಲನೆಯದರಲ್ಲಿ 21 ಚಿಪ್ಪುಗಳಿದ್ದರೆ ಎರಡನೆಯದರಲ್ಲಿ ನಾಲ್ಕೇ. ಯಂತ್ರ ಅಗ್ಗವಾಯಿತು, ಬೆಸುಗೆಯ ಕೆಲಸವೂ ಕಡಿಮೆಯಾಯಿತು. ಆದರೆ ಕಟ್ಟುವವನ ಉಳಿತಾಯ ಎರಡರಲ್ಲೂ ಅದೇ 20 ಪೌಂಡು. ಅಲ್ಲಿನ ಮಧ್ಯಮ ವರ್ಗದ ಮನೆಗಳಲ್ಲಿ ಟೆಲಿವಿಷನ್ನಿಗೆ ಜೋಡಿಸಿದ ಈ ಪುಟ್ಟ ಯಂತ್ರದ ಮುಂದೆ ಒಂದು ಪೀಳಿಗೆಯೇ ಲೆಕ್ಕವಿಧಿ ಬರೆಯಲು ಕಲಿಯಿತು.

ದೊಡ್ಡ ತಿರುವು ಬಂದದ್ದು 1981ರ ಆಗಸ್ಟ್ 12ರಂದು. ಐ.ಬಿ.ಎಂ. ಕಂಪನಿ ತನ್ನ ಪಿ.ಸಿ.ಯನ್ನು ಹೊರತಂದಿತು, ಆರಂಭದ ಬೆಲೆ 1,565 ಡಾಲರು. ಬೇಗನೆ ಮುಗಿಸುವ ಆತುರದಲ್ಲಿ ಕಂಪನಿ ಪೇಟೆಯಲ್ಲಿ ಸಿಗುವ ಭಾಗಗಳನ್ನೇ ಬಳಸಿತ್ತು. ಒಳಗಿನ ನಕ್ಷೆಯನ್ನೂ ಪುಸ್ತಕವಾಗಿ ಮಾರಿತು. ಯಂತ್ರವನ್ನು ಎಚ್ಚರಗೊಳಿಸುವ ಬಯಾಸ್ ಎಂಬ ಕ್ರಮವಿಧಿ ಮಾತ್ರ ಅದರ ಸ್ವಂತದ್ದು. ಕಾಂಪ್ಯಾಕ್ ಕಂಪನಿ ನಕಲು ಮಾಡದೆ ಅದಕ್ಕೆ ಸಮನಾದದ್ದನ್ನು ಹೊಸದಾಗಿ ಬರೆಸಿಕೊಂಡಿತು. 1984ರಲ್ಲಿ ಫೀನಿಕ್ಸ್ ಎಂಬ ಇನ್ನೊಂದು ಕಂಪನಿ ಅಂತಹುದನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬಾಗಿಲು ಪೂರ್ತಿ ತೆರೆಯಿತು. ಕಟ್ಟುವುದೆಂದರೆ ಇನ್ನು ಬೆಸುಗೆಯಲ್ಲ; ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು. ಅದೇ ವರ್ಷ ಟೆಕ್ಸಾಸಿನಲ್ಲಿ ಮೈಕೆಲ್ ಡೆಲ್ ಎಂಬ ಕಾಲೇಜು ಹುಡುಗ ತನ್ನ ವಿದ್ಯಾರ್ಥಿನಿಲಯದ ಕೋಣೆಯಿಂದ ಇದೇ ವ್ಯಾಪಾರ ಆರಂಭಿಸಿದ. ಇಂದು ಯಾವುದನ್ನು ದೊಡ್ಡ ಕಂಪನಿಯ ಮಾಲು ಎನ್ನುತ್ತೇವೋ ಅದರ ಮೂಲವೂ ಜೋಡಣೆಯ ಮೇಜೇ.

ನಮ್ಮ ದೇಶದಲ್ಲಿ 1984ರ ನವೆಂಬರಿನ ಹೊಸ ಗಣಕ ನೀತಿ ಆಮದನ್ನು ಸಡಿಲಿಸಿತು. ಮುಂದಿನ ವರ್ಷಗಳಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ 'ಅಸೆಂಬಲ್ಡ್' ಎಂಬ ಮಾತು ಮನೆಮಾತಾಯಿತು. ಒಂದಂಗಡಿಯಲ್ಲಿ ಮದರ್‌ಬೋರ್ಡು, ಪಕ್ಕದಲ್ಲಿ ರ‍್ಯಾಮು, ಎದುರಿಗೆ ಪೆಟ್ಟಿಗೆ. ತರಕಾರಿ ಮಾರುಕಟ್ಟೆಯಂತೆಯೇ ಚೌಕಾಶಿ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಆಮದು ಸುಂಕ ಹಂತಹಂತವಾಗಿ ಇಳಿಯಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆಲ್ಟೇರ್ ಕಟ್ಟಿದವನು ಉಳಿಸಿದ್ದು ತನ್ನ ಕೈಕೂಲಿಯನ್ನು. ಲ್ಯಾಮಿಂಗ್ಟನ್ ರಸ್ತೆಯ ಉಳಿತಾಯದಲ್ಲಿ ಕೂಲಿಯ ಪಾಲು ಅಲ್ಪ. ಜೋಡಣೆ ಒಂದೆರಡು ಗಂಟೆಯ ಕೆಲಸ. ಉಳಿದದ್ದು ಎಲ್ಲಿಂದ ಬಂತು? ಕಂಪನಿಯ ಜಾಹೀರಾತು, ಅದರ ಲಾಭ, ಮನೆಗೇ ಬಂದು ರಿಪೇರಿ ಮಾಡುವ ಸೇವೆ, ಇವು ಬೆಲೆಯಿಂದ ಬಿಟ್ಟುಹೋದುವು. ಅದು ನ್ಯಾಯವಾದ ಉಳಿತಾಯ. ಆದರೆ ಎಷ್ಟೋ ಕಡೆ ಬಿಲ್ಲಿಲ್ಲದ ವ್ಯಾಪಾರದಿಂದ ತೆರಿಗೆ ಉಳಿಯಿತು, ಪರವಾನಗಿಯಿಲ್ಲದ ವಿಂಡೋಸ್ ಹಾಕಿಸಿಕೊಂಡು ಇನ್ನಷ್ಟು ಉಳಿಯಿತು. ಇದನ್ನು ಉಳಿತಾಯವೆನ್ನಲು ನಮಗೆ ಮನಸ್ಸು ಬಾರದು. ಮಗುವಿಗೆ ವಿದ್ಯೆ ಬರಲೆಂದು ತರುವ ವಸ್ತುವಿನ ಜೊತೆಗೇ ಕದ್ದ ಮಾಲನ್ನೂ ಮನೆಯೊಳಗೆ ಬಿಟ್ಟುಕೊಂಡಂತಾಗುತ್ತದೆ. ಇಂದು ಆ ನೆಪವೂ ಇಲ್ಲ. ಲಿನಕ್ಸ್ ನ್ಯಾಯವಾಗಿಯೇ ಉಚಿತವಾಗಿ ಸಿಗುತ್ತದೆ. ಕೇಂದ್ರ ಸರ್ಕಾರದ ನೌಕರರಾದ ನಮಗಂತೂ ಗಣಕಯಂತ್ರದ ಮುಂಗಡ ಪಡೆದರೆ ರಸೀತಿ ಒಪ್ಪಿಸಲೇಬೇಕು. ಆಫೀಸಿನಲ್ಲಿ ಇತರರ ರಸೀತಿ ತಿರುವಿ ಹಾಕುವವರು ಮನೆಯಲ್ಲಿ ರಸೀತಿಯಿಲ್ಲದೆ ಇರಲಾದೀತೇ?

ಕನ್ನಡದ ಮಟ್ಟಿಗೆ ಈ ತೆರೆದ ಯಂತ್ರದಿಂದ ಆದ ಉಪಕಾರ ದೊಡ್ಡದು. ಇದೇ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ದುಡಿದ ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕನ್ನಡ ಕೀಲಿಮಣೆಯನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕಂಪನಿಯ ಯಂತ್ರವಿರಲಿ, ಗಲ್ಲಿಯಲ್ಲಿ ಜೋಡಿಸಿದ್ದಿರಲಿ, ಒಳಗಿನ ಕಟ್ಟು ಒಂದೇ ಆದ್ದರಿಂದ ಕನ್ನಡ ಎರಡರಲ್ಲೂ ಮೂಡಿತು. ಊರಿನಿಂದ ದೂರವಿರುವ ಮನೆಗಳಲ್ಲಿ ಮಕ್ಕಳು ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವಂತಾದದ್ದು ಕಡಿಮೆ ಮಾತಲ್ಲ.

ಕೊನೆಗೆ ತಕ್ಕಡಿ ಮತ್ತೆ ವಾಲಿತು. 2005ರಲ್ಲಿ ಎಚ್.ಸಿ.ಎಲ್. ಹತ್ತು ಸಾವಿರ ರೂಪಾಯಿಯೊಳಗಿನ ಸಿದ್ಧ ಯಂತ್ರವನ್ನು ಹೊರತಂದಿತು. 2012ರ ಫೆಬ್ರವರಿ 29ರಂದು ಕೇಂಬ್ರಿಜಿನಿಂದ ಬಂದ ರಾಸ್ಪ್‌ಬೆರಿ ಪೈ, 35 ಡಾಲರಿಗೆ ಅಂಗೈಯಗಲದ ಹಲಗೆಯಲ್ಲಿ ಇಡೀ ಗಣಕಯಂತ್ರವನ್ನು ಕೂರಿಸಿತು. ಲಕ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ತಯಾರಾಗುವ ವಸ್ತುವಿನ ಬೆಲೆಯೊಡನೆ, ಒಂದೊಂದಾಗಿ ಭಾಗ ಕೊಳ್ಳುವವನು ಸೆಣಸಲಾರ.

ಆದ್ದರಿಂದ ಐವತ್ತು ವರ್ಷಗಳ ಕಥೆ ನಮಗೆ ಹೇಳುವುದಿಷ್ಟು. ಕೈಯಲ್ಲಿರುವ ಹಣ ತೀರಾ ಕಡಿಮೆಯಿದ್ದು, ಪಾಠ ಓದಲು, ಪತ್ರ ಬರೆಯಲು ಯಂತ್ರ ಬೇಕಿದ್ದರೆ ಸಿದ್ಧವಾದ ಚಿಕ್ಕದನ್ನೇ ಕೊಳ್ಳುವುದು ಲೇಸು. ಕೆಟ್ಟರೆ ಕೇಳಲು ಒಂದೇ ಬಾಗಿಲು. ಸ್ವಲ್ಪ ಹೆಚ್ಚು ಹಣವಿದ್ದು, ಈ ವರ್ಷ ರ‍್ಯಾಮು, ಮುಂದಿನ ಬೋನಸ್ಸಿಗೆ ಡಿಸ್ಕು ಎಂದು ಸಂಬಳಕ್ಕೆ ತಕ್ಕಂತೆ ಬೆಳೆಸುವುದಿದ್ದರೆ ಕಟ್ಟುವುದು ಒಳ್ಳೆಯದು. ಪ್ರತಿಯೊಂದು ಭಾಗದ ರಸೀತಿಯನ್ನೂ ಒಂದು ಲಕೋಟೆಯಲ್ಲಿ ಜೋಪಾನವಾಗಿಡಬೇಕು. ಭಾಗಭಾಗಕ್ಕೂ ಗ್ಯಾರಂಟಿ ಬೇರೆ. ಮಗನೋ ಮಗಳೋ ಒಳಗೇನಿದೆ ಎಂದು ಕೇಳುವ ಜಾಣರಾಗಿದ್ದರೆ ಜೋಡಣೆಯನ್ನು ಅವರ ಕೈಗೇ ಬಿಡಿ. ಹಣ ಉಳಿಯದಿದ್ದರೂ ಕಲಿತದ್ದು ಉಳಿಯುತ್ತದೆ.