ಕೀಲೆಣ್ಣೆಯಿಂದ ಎಂಜಿನ್ ಆಯಿಲ್‌ವರೆಗೆ: ‘ದಪ್ಪ ಎಣ್ಣೆಯೇ ಒಳ್ಳೆಯದು’ ಅನ್ನೋ ಮಾತು ಎಲ್ಲಿಂದ ಬಂತು?

ಹೋದ ವರ್ಷ ನಮ್ಮ ಊರಿನ ಒಂದು ಮನೆಯವರು ಕೆ.ಆರ್. ಪುರದ ಕಡೆಯಿಂದ ಸೆಕೆಂಡ್ ಹ್ಯಾಂಡ್ ಕಾರು ತಂದರು. ಮಗಳ ಹೆರಿಗೆಗೂ ಅದೇ, ಅಜ್ಜಿಯ ಆಸ್ಪತ್ರೆಗೂ ಅದೇ. ಮೊದಲ ಸರ್ವೀಸ್‌ಗೆ ಬಿಟ್ಟಾಗ ಮೇಸ್ತ್ರಿ, “ಹಳೇ ಗಾಡಿ, ದಪ್ಪ ಆಯಿಲ್ ಹಾಕಿ, ಎಂಜಿನ್ ಗಟ್ಟಿ ಇರುತ್ತೆ” ಅಂದ. ಹಾಕಿಸಿದರು. ಕೆಲವು ತಿಂಗಳಿಗೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು, ಮೈಲೇಜ್ ಕೂಡ ಇಳಿಯಿತು. ಕೈಪಿಡಿ ತೆಗೆದು ನೋಡಿದರೆ ಅದರಲ್ಲಿ ಬರೆದಿದ್ದು ತೆಳು ಆಯಿಲ್.

ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಅವನು ಹೇಳಿದ್ದು ಹಳೆಯ ಕಾಲದ ಸತ್ಯ.

ನಮ್ಮ ಅಜ್ಜಂದಿರು ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಬೆರೆಸಿದ ಕೀಲೆಣ್ಣೆ ಹಾಕುತ್ತಿದ್ದರು. ದಪ್ಪ ಇದ್ದಷ್ಟೂ ಅಚ್ಚಿಗೆ ಅಂಟಿಕೊಂಡಿರುತ್ತಿತ್ತು. ಅದೇ ಹರಳೆಣ್ಣೆಯೇ ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್‌ಗಳಿಗೂ ಬೇಕಾಗಿತ್ತು, ಯಾಕೆಂದರೆ ಅದು ಪೆಟ್ರೋಲ್ ಜೊತೆ ಸುಲಭವಾಗಿ ಬೆರೆಯುವುದಿಲ್ಲ. 1909ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಕ್ಯಾಸ್ಟ್ರಾಲ್’ ಹೆಸರು ಬಂದಿದ್ದೂ ಕ್ಯಾಸ್ಟರ್, ಅಂದರೆ ಹರಳು ಅನ್ನೋ ಪದದಿಂದ.

ದಂಡು ಪ್ರದೇಶ 1809ರಲ್ಲಿ ಶುರುವಾಯಿತು. ಬ್ರಿಟಿಷ್ ಅಧಿಕಾರಿಗಳಿದ್ದ ಈ ಭಾಗಕ್ಕೆ ಮೋಟಾರು ಬಂದಾಗ ಜೊತೆಗೆ ರಿಪೇರಿ ಕೆಲಸವೂ ಬಂತು. 1940ರಲ್ಲಿ ಈಗಿನ ಇಂದಿರಾನಗರದ ಆಚೆಗೆ ಎಚ್‌ಎಎಲ್ ಹುಟ್ಟಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧವಿಮಾನಗಳು ಅಲ್ಲಿಗೆ ದುರಸ್ತಿಗೆ ಬಂದವು. ಬೆಂಗಳೂರಿನ ಪೂರ್ವ ಭಾಗ ಎಂಜಿನ್ ಬಿಚ್ಚಿ ಕಟ್ಟುವ ಕೈಗಳ ಊರಾಯಿತು.

ಸ್ವಾತಂತ್ರ್ಯದ ನಂತರ ರಸ್ತೆಯಲ್ಲಿ ಕಂಡಿದ್ದು ಹೆಚ್ಚಾಗಿ ಅಂಬಾಸಿಡರ್ ಮತ್ತು ಫಿಯೆಟ್. ಹೊಸ ಕಾರು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಇದ್ದ ಗಾಡಿಯನ್ನೇ ಮತ್ತೆ ಮತ್ತೆ ರಿಪೇರಿ ಮಾಡಿ ಓಡಿಸುತ್ತಿದ್ದರು. ಶಿವಾಜಿನಗರದ ಗುಜರಿ ಗಲ್ಲಿಗಳು ಬೆಳೆದಿದ್ದು ಈ ಅಗತ್ಯದಿಂದಲೇ. ಆ ಎಂಜಿನ್‌ಗಳ ಒಳಗೆ ಭಾಗಗಳ ನಡುವಿನ ಸಂದು ದೊಡ್ಡದು. ಸವೆದ ಮೇಲೆ ಇನ್ನೂ ದೊಡ್ಡದಾಗಿ ಆಯಿಲ್ ಸುಟ್ಟು ಹೊಗೆ ಬರುತ್ತಿತ್ತು. ದಪ್ಪ ಎಣ್ಣೆ ಹಾಕಿದರೆ ಹೊಗೆ ಕಡಿಮೆ, ಸದ್ದು ಕಡಿಮೆ. ಮೇಸ್ತ್ರಿಗಳು ಎರಡು ಬೆರಳ ನಡುವೆ ಎಣ್ಣೆ ಉಜ್ಜಿ ನೋಡಿ ಹೇಳುತ್ತಿದ್ದರು. ಆ ಗಾಡಿಗಳಿಗೆ ಅದು ಸರಿಯಾಗಿಯೇ ಇತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರ್, 796 ಸಿಸಿ, ಬಿಗಿಯಾದ ಎಂಜಿನ್. ಅಲ್ಲಿಂದ ಮುಂದೆ ಎಂಜಿನ್ ಒಳಗಿನ ಸಂದುಗಳೂ ಎಣ್ಣೆ ಹರಿಯುವ ದಾರಿಗಳೂ ಸಣ್ಣದಾಗುತ್ತಲೇ ಹೋದವು. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಸಮಯವನ್ನು ಬದಲಿಸುವುದೂ ಎಣ್ಣೆಯ ಒತ್ತಡವೇ. ಬೆಳಗ್ಗೆ ಕೀಲಿ ತಿರುಗಿಸಿದ ತಕ್ಷಣ ಎಣ್ಣೆ ಮೇಲಿನವರೆಗೆ ಏರಬೇಕು. ದಪ್ಪ ಎಣ್ಣೆ ತಡವಾಗಿ ಏರುತ್ತದೆ. ಆ ಕೆಲವು ಕ್ಷಣ ಲೋಹಕ್ಕೆ ಲೋಹ ಉಜ್ಜುತ್ತದೆ. ನಮ್ಮೂರಿನ ಕಾರಿನ ಟಕಟಕ ಅದೇ.

ಡಬ್ಬಿಯ ಮೇಲಿನ ಸಂಖ್ಯೆ ಓದುವುದು ಕಷ್ಟವಲ್ಲ. ಅಮೆರಿಕದ ಎಸ್‌ಎಇ ಸಂಸ್ಥೆ 1911ರಲ್ಲಿ ಎಣ್ಣೆಯ ದಪ್ಪಕ್ಕೆ ಸಂಖ್ಯೆ ಕೊಡಲು ಶುರು ಮಾಡಿತು. 5ಡಬ್ಲ್ಯೂ-30 ಅಂದರೆ, ಡಬ್ಲ್ಯೂ ಅನ್ನೋದು ವಿಂಟರ್, ಚಳಿ. ಮುಂದಿನ 5 ತಣ್ಣಗಿದ್ದಾಗ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನೋದು, ಕಡಿಮೆ ಇದ್ದಷ್ಟೂ ಬೇಗ. ಹಿಂದಿನ 30 ಬಿಸಿಯಾದಾಗಿನ ದಪ್ಪ. “ನಮ್ಮಲ್ಲಿ ಹಿಮ ಬೀಳಲ್ಲ, ಚಳಿ ಸಂಖ್ಯೆ ಯಾಕೆ?” ಅಂತ ಕೇಳುವವರಿದ್ದಾರೆ. ಸುಮಾರು 90 ಡಿಗ್ರಿಗೂ ಮೇಲೆ ಬಿಸಿಯಾಗುವ ಎಂಜಿನ್‌ಗೆ ನಮ್ಮ ಬೆಳಗಿನ 20 ಡಿಗ್ರಿಯೂ ತಣ್ಣಗೇ.

ಇನ್ನೊಂದು ಗುರುತು ಎಪಿಐ. ಪೆಟ್ರೋಲ್ ಎಣ್ಣೆಗೆ ‘ಎಸ್’ನಿಂದ ಶುರು: 2010ರದ್ದು ಎಸ್‌ಎನ್, 2020ರದ್ದು ಎಸ್‌ಪಿ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಹಳೆಯ ಎಣ್ಣೆ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದರ ರಿಪೇರಿ ದುಬಾರಿ.

ಎಣ್ಣೆ ಕಪ್ಪಾದ ತಕ್ಷಣ ಕೆಟ್ಟಿತು ಅಂತಲ್ಲ. ಮಸಿಯನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಕಿಲೋಮೀಟರ್ ಮತ್ತು ತಿಂಗಳು, ಎರಡರಲ್ಲಿ ಯಾವುದು ಮೊದಲು ಬಂದರೂ ಬದಲಿಸಿ. ಹಳೇ ಮದ್ರಾಸ್ ರಸ್ತೆಯಲ್ಲಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ನಿಂತು ನಿಂತು ಸಾಗುವ ಗಾಡಿಗೆ, ಧೂಳಿನ ಹಳ್ಳಿ ದಾರಿಯ ಗಾಡಿಗೆ ಇನ್ನೂ ಬೇಗ ಬೇಕು. ಬಿಲ್ ಕೇಳಿ, ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ತೆರೆಸಿ. ಖಾಲಿ ಡಬ್ಬಿಗೆ ತೂತು ಹೊಡೆದು ಗುಜರಿಗೆ ಕೊಡಿ, ಇಲ್ಲದಿದ್ದರೆ ಅದರೊಳಗೆ ನಕಲಿ ತುಂಬಬಹುದು. ಹಳೆ ಎಣ್ಣೆಯನ್ನು ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ.

ನಮ್ಮೂರಿನವರು ಕೈಪಿಡಿಯ ಎಣ್ಣೆಗೆ ಬದಲಾದರು. ಸದ್ದು ಕಡಿಮೆಯಾಗಿದೆ. ಸವೆದದ್ದು ಮಾತ್ರ ವಾಪಸ್ ಬರಲ್ಲ. ಮೇಸ್ತ್ರಿಯ ಕೈಯನ್ನು ನಂಬಿ, ಆದರೆ ಡಬ್ಬಿ ತೆರೆಯುವ ಮೊದಲು ಕೈಪಿಡಿಯ ಆ ಒಂದು ಪುಟವನ್ನು ಫೋನಿನಲ್ಲಿ ಫೋಟೊ ತೆಗೆದು ಅವನಿಗೆ ತೋರಿಸಿ.