ನೆರೆಯನ್ನು ಅಳೆಯುವ ಬಗೆ

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಪ್ರವಾಹವೆಂಬ ಅರ್ಥವೂ ಉಂಟು, ಪಕ್ಕದ ಮನೆಯೆಂಬ ಅರ್ಥವೂ ಉಂಟು. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯವರಿಗೆ ಇವೆರಡೂ ಬಹಳ ದೂರದ ಅರ್ಥಗಳಲ್ಲ. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ನಡುವೆ ಕಿರಿದಾದೊಂದು ನೆಲ. ಘಟ್ಟದಲ್ಲಿ ಸುರಿದ ಮಳೆ ಕೆಲವೇ ತಾಸುಗಳಲ್ಲಿ ಅಂಗಳಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಕಡಲಿನಲ್ಲಿ ಭರತವಿದ್ದರೆ ಅಳಿವೆಯಲ್ಲಿ ನೀರು ಹೊರಹೋಗದು. ಹೊಳೆ ದಂಡೆಯನ್ನು ಏರುತ್ತದೆ.

ಹಿಂದಿನವರು ಇದನ್ನು ಮಳೆ ನಕ್ಷತ್ರಗಳಿಂದ ಲೆಕ್ಕ ಹಾಕುತ್ತಿದ್ದರು. ಪುನರ್ವಸು, ಪುಷ್ಯ, ಆಶ್ಲೇಷಗಳ ನೀರಿಗೆ ತಗ್ಗಿನ ನೆಲವನ್ನು ಬಿಟ್ಟುಕೊಟ್ಟರು. ಅಘನಾಶಿನಿಯ ಅಳಿವೆಯಲ್ಲಿರುವ ಗಜನಿ ಭೂಮಿ ಇದಕ್ಕೆ ನಿದರ್ಶನ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ತಡೆದುಕೊಳ್ಳುತ್ತದೆ, ಕೆಲವು ದಿನ ಮುಳುಗಿದ್ದರೂ ಬದುಕುತ್ತದೆ. ನೀರನ್ನು ತಡೆಯುವುದಕ್ಕಿಂತ ಅದಕ್ಕೆ ಎಡೆ ಮಾಡಿಕೊಡುವ ವಿವೇಕ ಇದರಲ್ಲಿದೆ.

ಹೊಸ ಕಾಲದ ಅಳತೆ ಬೇರೆ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಒಂದು ದಿನದಲ್ಲಿ 204.5 ಮಿಲಿಮೀಟರು ಮುಟ್ಟಿದ ಮಳೆಯನ್ನು ಅದು ‘ಅತಿ ವಿಪರೀತ’ದ ವರ್ಗಕ್ಕೆ ಸೇರಿಸುತ್ತದೆ. 2022ರ ಆಗಸ್ಟ್ 1 ಮತ್ತು 2ರ ನಡುವಣ ಒಂದೇ ದಿನದ ಅವಧಿಯಲ್ಲಿ ಭಟ್ಕಳದಲ್ಲಿ 500 ಮಿಲಿಮೀಟರಿಗೂ ಮೀರಿ ಮಳೆಯಾಯಿತು. ಬೆಂಗಳೂರಿಗೆ ಒಂದು ವರ್ಷದಲ್ಲಿ ಬೀಳುವ ಮಳೆಯ ಅರ್ಧಕ್ಕಿಂತ ಇದು ಹೆಚ್ಚು. ಪೇಟೆಯ ರಸ್ತೆಗಳು ಹೊಳೆಗಳಾದವು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಪ್ರಾಣ ಕಳೆದುಕೊಂಡರು.

ಹೊನ್ನಾವರದಲ್ಲಿ ನೆರೆಯು ಎರಡು ಬಗೆಯದು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು; ಮುಂದೆ ಗೇರುಸೊಪ್ಪೆಯಲ್ಲಿ ಇನ್ನೊಂದು ಬಂತು. ಅಲ್ಲಿಂದ ನೀರು ಬಿಡುವ ಮುನ್ನ ಕೆಳದಂಡೆಯವರಿಗೆ ಎಚ್ಚರಿಕೆ ಕೊಡಬಹುದು. ಆದರೆ ಶರಾವತಿಯನ್ನು ಕೂಡುವ ಗುಂಡಬಾಳ ಹೊಳೆಗೆ ಅಂಥ ಕಾವಲಿಲ್ಲ. ಘಟ್ಟದಲ್ಲಿ ಮೋಡ ಕವಿದುದೇ ಅದರ ಮುನ್ಸೂಚನೆ. ಕುಮಟಾ ಕಡೆಯ ಅಘನಾಶಿನಿಯ ಮಾತೂ ಹೀಗೆಯೇ; ಅದು ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ನದಿ.

ಇವುಗಳ ಜೊತೆಗೆ ಮೂರನೆಯದೊಂದು ಸೇರಿದೆ. ಹೆದ್ದಾರಿಯನ್ನು ಅಗಲಗೊಳಿಸಲು ಗುಡ್ಡಗಳ ಬುಡವನ್ನು ಕಡಿಯಲಾಯಿತು. 2024ರ ಜುಲೈ 16ರಂದು, ಕುಮಟಾಕ್ಕೆ ತಾಗಿದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಹೊಳೆಯ ನೀರು ಪುಟಿದು ಎದುರು ದಂಡೆಯ ಉಳುವರೆಯ ಮನೆಗಳನ್ನು ಕೆಡವಿತು. ಒಂದು ದಂಡೆಯಲ್ಲಿ ಮಾಡಿದ ಕೆಲಸದ ಫಲವನ್ನು ನೆರೆದಂಡೆ ಉಣ್ಣಬೇಕಾಯಿತು.

ನೆರೆ ಇಳಿದ ಮೇಲೆ ಬಿದ್ದ ಗೋಡೆಗಳನ್ನೂ ಕೊಳೆತ ಬೆಳೆಯನ್ನೂ ಎಣಿಸಿ ಪರಿಹಾರ ಕೊಡುವುದು ನಡೆದುಬಂದ ಪದ್ಧತಿ. ಅದು ಬೇಕಾದದ್ದೇ, ಆದರೆ ಅದು ಕಳೆದುಕೊಂಡದ್ದರ ಲೆಕ್ಕ ಮಾತ್ರ. ಉಳಿಸಿಕೊಳ್ಳುವ ಲೆಕ್ಕ ವೈಶಾಖದಲ್ಲಿಯೇ ಆರಂಭವಾಗಬೇಕು. ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಊರೂರಿನ ಶಾಲೆ, ದೇವಸ್ಥಾನ, ಮಸೀದಿಗಳ ಗೋಡೆಯ ಮೇಲೆ ಗುರುತಿಸಬೇಕು. ಗುಂಡಬಾಳದಂಥ ಹೊಳೆಗಳ ಮೇಲ್ದಂಡೆಯಲ್ಲಿ ನೀರಿನ ಮಟ್ಟ ನೋಡಿ ಕೆಳಗಿನವರಿಗೆ ತಿಳಿಸುವ ಏರ್ಪಾಡಾಗಬೇಕು. ಮಳೆಯ ಅಂಕಿಯನ್ನು ಭರತದ ವೇಳೆಯೊಡನೆ ಕೂಡಿಸಿ ಓದಬೇಕು. ಗಜನಿಗೆ ಮಣ್ಣು ತುಂಬುವ ಮುನ್ನ, ಆ ನೀರು ಇನ್ನಾರ ಅಂಗಳಕ್ಕೆ ಹೋದೀತೆಂದು ಕೇಳಿಕೊಳ್ಳಬೇಕು. ಮಳೆ ನಮ್ಮ ಅಧೀನವಲ್ಲ. ಅದು ಹರಿದು ಹೋಗುವ ದಾರಿ ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.